ನಾನು ಕೆಡಿಸದ ಫೋಟೊ

ಫೋಟೊ ಕೆಡಿಸುವುದು ನನ್ನ ಹುಚ್ಚು. ಇದಕ್ಕೆ ಗ್ಲಿಚ್ ಆರ್ಟ್ ಎಂಬ ಹೆಸರಿದೆ ಎಂದು ಎಷ್ಟು ಹೇಳಿದರೂ ಅಪ್ಪ ಒಪ್ಪುವುದಿಲ್ಲ. ಅವರು ಸಿದ್ದಾಪುರದಲ್ಲಿ ನಲವತ್ತು ವರ್ಷ ಸ್ಟುಡಿಯೊ ನಡೆಸಿದವರು. ಗಂಡಿನ ಕಡೆಗೆ ಕಳಿಸುವ ಫೋಟೊಗಳಲ್ಲಿ ಹುಡುಗಿಯರ ಮೊಡವೆಗಳನ್ನು ಸಣ್ಣ ಕುಂಚದಿಂದ ಅಳಿಸಿದವರು. "ಆನು ಜನರ ಮೋರೆ ಚಂದ ಮಾಡ್ದಿ, ನೀನು ಹಾಳು ಮಾಡ್ತಾ ಇದ್ದೆ ಕೂಸೆ" ಎಂದು ಮಗಳಾದ ನನ್ನನ್ನು ಛೇಡಿಸುತ್ತಿದ್ದರು.

ಆ ವಾರ ನಾನು ಹಾಳು ಮಾಡುತ್ತಿದ್ದುದು ಅವರದೇ ಮೋರೆಯನ್ನು. ಕಂಪ್ಯೂಟರಿನಲ್ಲಿ ಅವರ ಹಳೆಯ ಫೋಟೊದ ಮೇಲೆ, ನಾನು ಜಲವರ್ಣದಲ್ಲಿ ಬರೆದ ಪಾಚಿಗೋಡೆಯ ಚಿತ್ರವನ್ನು ಹಾಸಿದ್ದೆ. ಆ ಫೈಲನ್ನು ಅಕ್ಷರಗಳ ರೂಪದಲ್ಲಿ ತೆರೆದು ಅಲ್ಲಲ್ಲಿ ಸಾಲು ಅಳಿಸಿದರೆ ಚಿತ್ರ ಪಟ್ಟಿಪಟ್ಟಿಯಾಗಿ ಜಾರುತ್ತದೆ. ಅಪ್ಪನ ಎಡಗೆನ್ನೆ ಗದ್ದದ ಕೆಳಗೆ ಇಳಿಯುವವರೆಗೂ ಜಾರಿಸಿದೆ. ಅದನ್ನೇ ನೋಡಿ ನೋಡಿ ನನ್ನ ಕಣ್ಣು ಕೆಟ್ಟಿತ್ತು. ಹಾಲು ಕೊಡುವವಳ ಮೋರೆಯೂ, ಕನ್ನಡಿಯಲ್ಲಿ ನನ್ನದೂ ಒಂದು ಪಕ್ಕ ಇಳಿದಂತೆ ಕಾಣುತ್ತಿತ್ತು. ನನಗೆ ಅದು ಮೋಜೆನಿಸಿತ್ತು.

ಹಾಗಾಗಿ ಶನಿವಾರ ಬೆಳಿಗ್ಗೆ ಏಳೂವರೆಗೆ, ಚಾ ಕುಡಿಯುತ್ತಿದ್ದ ಅಪ್ಪನ ಬಾಯಿಯ ಎಡತುದಿ ಜೋತುಬಿದ್ದದ್ದು ಕಂಡಾಗ ನಾನು ಕಣ್ಣುಜ್ಜಿಕೊಂಡೆ, ಅಷ್ಟೆ. ಅಂಗಿಯ ಮೇಲೆ ಚಾ ಚೆಲ್ಲಿತ್ತು.

"ಎಂತ ಆತು ಅಪ್ಪಾ?"

"ಎಂತೂ ಆಜಿಲ್ಲೆ" ಎಂದರು. ಮಾತು ತುಸು ತೊದಲಿತು. ಹಲ್ಲಿನ ಸೆಟ್ಟು ಹಾಕಿಕೊಂಡಿಲ್ಲವೇನೋ ಎಂದುಕೊಂಡು ನಾನು ಕಂಪ್ಯೂಟರಿಗೆ ಮರಳಿದೆ. ಇನ್ನೂ ನಾಲ್ಕು ಸಾಲು ಅಳಿಸುವುದಿತ್ತು.

ಒಂಬತ್ತಕ್ಕೆ, ಚಿತ್ರದ ಜೊತೆ ಹೋಲಿಸಿ ನೋಡೋಣವೆಂದು ಮೊಬೈಲಿನಲ್ಲಿ ಅವರ ಫೋಟೊ ತೆಗೆದೆ. ಅದರಲ್ಲೂ ಎಡಗೆನ್ನೆ ಇಳಿದಿತ್ತು. ಆ ಫೋಟೊವನ್ನು ನಾನು ಮುಟ್ಟಿರಲಿಲ್ಲ. ಮೊಬೈಲಿಗೂ ನನ್ನ ಹಾಗೆ ಕಣ್ಣು ಕೆಟ್ಟಿರಲು ಸಾಧ್ಯವಿಲ್ಲವಲ್ಲ.

"ಅಪ್ಪಾ, ಎಡಗೈ ಎತ್ತು ನೋಡನ."

"ಎತ್ತಿದ್ನಲೆ" ಎಂದರು. ಕೈ ತೊಡೆಯ ಮೇಲೇ ಇತ್ತು.

ಪಕ್ಕದ ಮನೆಯವರ ಕಾರಿನಲ್ಲಿ ಶಿರಸಿಯ ಆಸ್ಪತ್ರೆಗೆ ಹೊರಟೆವು. ಪ್ರತಿ ತಿರುವಿನಲ್ಲೂ ಅಪ್ಪ ನನ್ನ ಮೇಲೆ ವಾಲುತ್ತಿದ್ದರು, ವಾಲಿದವರು ತಾವಾಗಿ ನೆಟ್ಟಗಾಗುತ್ತಿರಲಿಲ್ಲ. ಸತ್ತೇಹೋದರೆ ಎಂಬ ಹೆದರಿಕೆ ನನಗೆ. ಜೊತೆಗೆ ನಾಚಿಕೆಗೇಡಿನ ಇನ್ನೊಂದು ಹೆದರಿಕೆಯೂ ಇತ್ತು: ಯಾವಾಗ ಶುರುವಾಯಿತು ಎಂದು ಯಾರಾದರೂ ಕೇಳಿದರೆ?

ಕೇಳಿದರು. ಅಪ್ಪನನ್ನು ಸ್ಕ್ಯಾನಿಗೆ ಒಳಗೆ ಒಯ್ದ ಮೇಲೆ, ಹಾವೇರಿ ಕಡೆಯ ಡಾಕ್ಟರು ನನ್ನೆದುರು ನಿಂತರು. "ಎಷ್ಟೊತ್ತಿಗೆ ಶುರು ಆತ್ರಿ? ಖರೇ ಹೇಳ್ರಿ. ಲಕ್ವಾದ ಇಂಜೆಕ್ಷನ್ ಕೊಡೋದು ಬಿಡೋದು ಅದರ ಮ್ಯಾಲ ಐತಿ, ನಾಕೂವರೆ ತಾಸು ದಾಟಿದ್ರ ಕೊಡಾಕ ಬರೂದಿಲ್ಲ."

ಒಂಬತ್ತಕ್ಕೆ ಎಂದುಬಿಡುವ ಆಸೆ ನಾಲಿಗೆಯ ತುದಿಗೇ ಬಂದಿತ್ತು.

"ಏಳೂವರೆಗೇ ಕಂಡಿತ್ತು. ನಾನೇ ಸುಮ್ಮನಿದ್ದೆ" ಎಂದೆ.

ಅವರು ತಲೆಯೆತ್ತದೆ ಬರೆದುಕೊಂಡರು. "ಇನ್ನೂ ಟೈಮ್ ಐತಿ" ಎಂದು ಒಳಗೆ ಹೋದರು.

ಅಪ್ಪ ಮನೆಗೆ ಬಂದು ಎರಡು ತಿಂಗಳಾಯಿತು. ಮಾತು ಮರಳಿದೆ, ಎಡಗೈ ಮರಳಿಲ್ಲ. ಇನ್ನೂ ಬೇಗ ಕರೆದೊಯ್ದಿದ್ದರೆ ಮರಳುತ್ತಿತ್ತೇ ಎಂದು ಡಾಕ್ಟರನ್ನು ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ. ನೋಡಲು ಬಂದವರಿಗೆಲ್ಲ ಅಪ್ಪ ಹೇಳುವುದು ಒಂದೇ: "ಕೂಸು ನೋಡಿದ್ದೇ ನೋಡಿದ್ದು, ಒಂಚೂರೂ ತಡ ಮಾಡಿದ್ದಿಲ್ಲೆ. ಕೂಸು ಇಲ್ದೇ ಇದ್ದಿದ್ರೆ ಆನು ಇರ್ತಿದ್ನೇ ಇಲ್ಲೆ."

ನಾನು ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತೇನೆ.