ಒಗ್ಗರಣೆ ಹಾಕದ ಬೇಸಿಗೆ

ಆಗ ಮರಾಠಿ ಸೀಮೆಯ ನಿಗಡಿಯಲ್ಲಿ ಹೊತ್ತು ತಿಳಿಯಲು ಯಾರೂ ಗಡಿಯಾರ ನೋಡುತ್ತಿರಲಿಲ್ಲ. ಕಾರ್ಖಾನೆಯ ಭೋಂಗಾ ಕೂಗಿದರೆ ಸಾಕಿತ್ತು. ಭೋಂಗಾ ಎಂದರೆ ಸೈರನ್ನು. ನಮ್ಮ ಚಾಳಿನ, ಅಂದರೆ ವಠಾರದ, ಕನ್ನಡದವರೂ ಮರಾಠಿಯವರೂ ಅದನ್ನು ಹಾಗೇ ಕರೆಯುತ್ತಿದ್ದೆವು. ತೊಂಬತ್ತರ ದಶಕದ ನಡುವಿನ ಮಾತು. ಮುಂಜಾನೆಯ ಭೋಂಗಾಕ್ಕೆ ಮುಂಚೆ ಅಪ್ಪ ಸೈಕಲ್ ಹೊರಗೆ ತೆಗೆಯುತ್ತಿದ್ದ, ಮಧ್ಯಾಹ್ನ ಇಳಿದ ಮೇಲಿನದಕ್ಕೆ ಅವ್ವ ಚಹಾದ ನೀರಿಡುತ್ತಿದ್ದಳು.

ಅಪ್ಪನಿಗೆ ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಗುಮಾಸ್ತಿಕೆ. ತಡವಾಗಿ ಬಂದವರನ್ನು ಗುರುತು ಹಾಕುವ ಕೆಲಸ. ಆ ಕೆಲಸವನ್ನು ಮನೆಗೂ ತರುತ್ತಿದ್ದ. ಚಪ್ಪಲಿಗಳು ಸಾಲಾಗಿರಬೇಕು, ಹಾಸಿಗೆ ಮಡಿಸಿದ ಮೇಲೆಯೇ ಹಲ್ಲುಜ್ಜುವುದು, ಊಟಕ್ಕೆ ಕರೆದರೆ ಎರಡನೆಯ ಸಲ ಕರೆಯುವುದಿಲ್ಲ. ನನ್ನ ತಮ್ಮ ಆನಂದನಿಗೆ ಇದೆಲ್ಲ ಶಿಕ್ಷೆ. ನನಗೆ ಇಷ್ಟ. ಈಗಲೂ ಇಷ್ಟವೇ, ಮಕ್ಕಳು ನನ್ನನ್ನು ಹೆಡ್‌ಮಾಸ್ತರ್ ಎನ್ನುತ್ತಾರೆ, ಅನ್ನಲಿ.

ನಮ್ಮ ಪಕ್ಕದ ಖೋಲಿಯಲ್ಲಿ ಯಾದಗಿರಿ ಕಡೆಯ ಶರಣಮ್ಮ ಇದ್ದಳು. ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದಳು. ನಾನು ಅವಳನ್ನು ಚಿಗವ್ವ ಎನ್ನುತ್ತಿದ್ದೆ. ಅವಳ ಮಗಳು ನೀಲಿ, ಇನ್ನೂ ಶಾಲೆಗೆ ಹಾಕದ ಕೂಸು. ಮಧ್ಯಾಹ್ನದ ಭೋಂಗಾ ಕೂಗಿತೆಂದರೆ ನೀಲಿ ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಗಲ್ಲಿಯ ತುದಿಗೆ ಓಡುತ್ತಿದ್ದಳು. ಬಾಯಿಗೆ ಎರಡೂ ಕೈ ಹಿಡಿದು ಅದರ ಜೊತೆಗೇ "ಭೋಂ..." ಎಂದು ಕೂಗುತ್ತಿದ್ದಳು. ಉಸಿರು ಮುಗಿಯುವವರೆಗೆ ಕೂಗಿ, ನಮ್ಮ ಅಪ್ಪನ ಸೈಕಲ್ ಬರುವವರೆಗೆ ಅಲ್ಲೇ ನಿಂತಿದ್ದು, ಮುಂದಿನ ದಾಂಡಿನ ಮೇಲೆ ಕೂತು ಮನೆಯತನಕ ಬರುವುದು ಅವಳ ದಿನದ ಹಕ್ಕು. ಚಾಳಿನಲ್ಲಿ ಅಪ್ಪನಿಗೆ ತಡವಾಗಿ ಬಂದೆಯೆಂದು ಬೈಯುವ ಧೈರ್ಯ ಇದ್ದದ್ದು ಅವಳೊಬ್ಬಳಿಗೆ.

ಆ ಬೇಸಿಗೆಯಲ್ಲಿ ಗಲ್ಲಿಯೊಳಗೆ ದಡಾರ ಬಂತು. ಮರಾಠಿಯವರು ಗೋವರ ಎಂದರು. ನಮ್ಮ ಮನೆಯಲ್ಲಿ ಅದು ಬಂದದ್ದು ಆನಂದನಿಗೆ. ನನಗೆ ದಡಾರದ ಸೂಜಿ ಆಗಿತ್ತು; ಅವನು ಕೂಸಾಗಿದ್ದಾಗ ಹಾಕಿಸುವ ಹೊತ್ತಿಗೆ ಅವ್ವ ತವರಿನಲ್ಲಿದ್ದಳಂತೆ, ಆಮೇಲೆ ಮರೆತುಹೋಯಿತಂತೆ. ಊರಿನವರ ಲೇಟನ್ನೆಲ್ಲ ಹಿಡಿಯುವ ಅಪ್ಪನ ಕಣ್ಣಿಗೆ ಇದು ಬಿದ್ದಿರಲಿಲ್ಲ.

ಮಂಗಳವಾರ ಆನಂದನ ಮುಖದ ಮೇಲೆ ಕೆಂಪು ಗುಳ್ಳೆ ಎದ್ದವು. ಅಪ್ಪನ ತಾಯಿ, ನಮ್ಮ ಅಜ್ಜಿ, ಕೈಮುಗಿದಳು. "ಹೆಸರು ತಗೀಬ್ಯಾಡ್ರಿ. ಅಮ್ಮ ಬಂದಾಳ" ಎಂದಳು. ವಿಜಯಪುರದಿಂದ ಬಂದು ವರ್ಷಗಳಾಗಿದ್ದರೂ ಅವಳ ಆ ದೇವಿ ಅಮ್ಮ ಅವಳ ಜೊತೆಗೇ ಬಂದಿದ್ದಳು. ಬಾಗಿಲಿಗೆ ಬೇವಿನ ಟೊಂಗೆ ಕಟ್ಟಿಸಿದಳು. ಹೊರಗಿನವರು ಒಳಗೆ ಬರಕೂಡದು. ಒಳಗಿನವರು ಊರು ತಿರುಗಕೂಡದು. ತಲೆ ಬಾಚಕೂಡದು, ಜೋರಾಗಿ ಮಾತಾಡಕೂಡದು. ಎಲ್ಲಕ್ಕಿಂತ ಮುಖ್ಯವಾಗಿ ಒಲೆಯ ಮೇಲೆ ಒಗ್ಗರಣೆ ಚಟಗುಟ್ಟಕೂಡದು. ಅಮ್ಮನಿಗೆ ಆ ಉರಿ, ಆ ಘಾಟು ಆಗುವುದಿಲ್ಲ. ಸಪ್ಪೆ ಬೇಳೆ, ಮಜ್ಜಿಗೆ, ಅನ್ನ. ಮನೆಯ ತುಂಬ ಬೇವು ಮತ್ತು ಅರಿಶಿಣದ ವಾಸನೆ.

ಡಾಕ್ಟರರೂ ಬಂದು ನೋಡಿ, ಬೇರೆ ಮಕ್ಕಳನ್ನು ಹತ್ತಿರ ಬಿಡಬೇಡಿ, ಮುಂದಿನ ವಾರದವರೆಗಾದರೂ ತಡೆಯಿರಿ ಎಂದರು. ಅಪ್ಪ ಅದನ್ನು ಸೋಂಕು ಎಂದ. ಅಜ್ಜಿ ಮಡಿ ಎಂದಳು. ಇಬ್ಬರೂ ಒಂದೇ ನಿಯಮವನ್ನು ಒಪ್ಪಿಕೊಂಡದ್ದು ನನ್ನ ನೆನಪಿನಲ್ಲಿ ಅದೊಂದೇ ಸಲ. ಮನೆಯಲ್ಲಿ ಇಷ್ಟು ಅಚ್ಚುಕಟ್ಟಾದ ಶಿಸ್ತು ಬಂತಲ್ಲ ಎಂದು ನಾನು ಒಳಗೊಳಗೇ ಹಿಗ್ಗಿದೆ.

ಹೊರಗೆ ಮಾತ್ರ ಎಲ್ಲ ಅಡ್ಡಾದಿಡ್ಡಿ. ಚಾಳಿನ ಮಾಲಕಿ ಕಾಕೂ ತನ್ನ ಇಬ್ಬರು ಹುಡುಗಿಯರಿಗೆ ಖಾಸಗಿ ಡಾಕ್ಟರರ ಹತ್ತಿರ ಯಾವಾಗಲೋ ಸೂಜಿ ಹಾಕಿಸಿದ್ದಳು. ಆದರೂ ಅವ್ವ ನಳದ ಹತ್ತಿರ ಬಂದರೆ ಸೆರಗಿನಿಂದ ಮೂಗು ಮುಚ್ಚುತ್ತಿದ್ದಳು. ಎಲ್ಲರದೂ ಮುಗಿದ ಮೇಲೆ ಕೊನೆಗೆ ನಮ್ಮ ಕೊಡ. ನಳದ ನೀರಿನಿಂದ ದಡಾರ ಬರುತ್ತದೆಯೆಂದು ಯಾರು ಹೇಳಿದರೋ. ಇನ್ನೊಬ್ಬಳು, "ಫುಕಟ್ ಸಿಗೋ ಸೂಜ್ಯಾಗ ಬರೇ ನೀರ ಇರ್ತದ" ಎಂದಳು. ಮತ್ತೊಬ್ಬಳು ಬೇವು ಕಟ್ಟಿದರೆ ಸೂಜಿ ಯಾಕೆ ಬೇಕು ಎಂದಳು. ಒಬ್ಬಳಿಗೂ ಪೂರ್ತಿ ತಿಳಿದಿರಲಿಲ್ಲ, ಒಬ್ಬಳೂ ಕೇಳುವವಳಲ್ಲ.

ಬುಧವಾರ ಸಂಜೆ ಶರಣಮ್ಮ ನೀಲಿಯನ್ನು ಕರೆದುಕೊಂಡು ಊರಿಂದ ಬಂದಳು. ತಂಗಿಯ ಮದುವೆಗೆ ಹೋಗಿ ಅರ್ಧ ತಿಂಗಳಾಗಿತ್ತು. ನೀಲಿ ನಮ್ಮ ಬಾಗಿಲಿಗೆ ಓಡಿ ಬಂದಳು. ಶರಣಮ್ಮ ಟೊಂಗೆ ಕಂಡದ್ದೇ ಅವಳ ರಟ್ಟೆ ಹಿಡಿದು ನಿಲ್ಲಿಸಿ, ಕಟ್ಟೆಯ ಕೆಳಗಿಂದಲೇ ಕೈಮುಗಿದು ಹಿಂದಕ್ಕೆ ಹೋದಳು. ಹೀಗಿರಬೇಕು ಮನುಷ್ಯರು ಎಂದುಕೊಂಡೆ.

ಗುರುವಾರ ಗಣಪತಿ ಮಂಡಳದ ತಗಡಿನ ಶೆಡ್ಡಿನಲ್ಲಿ ಸೂಜಿ ಹಾಕುವವರು ಬರುವುದಿತ್ತು. ಅಪ್ಪ ಕೆಲಸಕ್ಕೆ ಹೊರಡುವಾಗ ಅಂಗಳದಿಂದಲೇ ಹೇಳಿದ: "ಶರಣಮ್ಮ, ಇವತ್ತ ಕೂಸಿಗೆ ಸೂಜಿ ಹಾಕಿಸಿ ಬಿಡ್ರಿ. ಮರೀಬ್ಯಾಡ್ರಿ."

"ಹೌದ್ರಿ ಅಣ್ಣಾರ, ಒಯ್ತೀನ್ರಿ."

ಅಪ್ಪನ ಸೈಕಲ್ ಗಲ್ಲಿ ತಿರುಗಿತು. ಅವಳು ಕಟ್ಟೆಯ ಕೆಳಗೆ ನಿಂತು ಅಜ್ಜಿಯನ್ನು ಕೇಳಿದಳು. "ಹ್ಯಾಂಗ ಮಾಡ್ಲಿ ಯಮ್ಮಾ? ಹ್ವಾದ ಸಲ ಸೂಜಿ ಹಾಕ್ಸಿದಾಗ ಭಾಳ ಜ್ವರ ಬಂದಿದ್ವು. ನಾ ಈಗರ ಊರಿಂದ ಬಂದೀನಿ. ನಾಳಿಗೆ ಕೆಲಸಕ್ಕ ಹೋಗ್ಲಿಲ್ಲಂದ್ರ ಮುಕಾದಮ ಬ್ಯಾರೇದಾಕಿನ್ನ ಇಟ್ಕೋತಾನ."

"ಅಮ್ಮ ನಿನ್ನ ಬಾಜೂ ಮನ್ಯಾಗ ಕುಂತಾಳ" ಎಂದಳು ಅಜ್ಜಿ. "ಆಕಿ ಇರೋ ಹೊತ್ನ್ಯಾಗ ಸೂಜಿ ಚುಚ್ಚಬಾರ್ದವಾ, ಸಿಟ್ಟಾಗ್ತಾಳ. ಆಕಿನ್ನ ಕಳಿಸಿದ ಮ್ಯಾಲ ಹಾಕಿಸು."

ನನಗೆ ತಡೆಯಲಾಗಲಿಲ್ಲ. "ಅಜ್ಜಿ, ಸಿಸ್ಟರ್‌ಬಾಯಿ ಇವತ್ತ ಒಂದ ದಿನ ಬರೋದು!"

"ಬಂತು ನೋಡು ಅಪ್ಪನ ಬಾಲ. ಸುಮ್ಮ ಕೂಡು."

ಸುಮ್ಮನೆ ಕಿಟಕಿಯಲ್ಲಿ ಕೂತೆ. ಶೆಡ್ಡಿನಿಂದ ಮಕ್ಕಳು ಅಳುವುದು ಕೇಳುತ್ತಿತ್ತು. ಗಾಳಿ ಬಂದಾಗ ಸ್ಪಿರಿಟ್ಟಿನ ವಾಸನೆ ಬರುತ್ತಿತ್ತು. ಬಿಸಿಲು ಇಳಿಯುವ ಮೊದಲು ಸಿಸ್ಟರ್‌ಬಾಯಿ ಹೆಗಲಿಗೆ ಬರ್ಫದ ಡಬ್ಬಿ ಹಾಕಿಕೊಂಡು, ಯಾರದಾದರೂ ಕೂಸು ಉಳಿದಿದೆಯೇ ಎಂದು ಮರಾಠಿಯಲ್ಲಿ ಕೂಗುತ್ತ ಗಲ್ಲಿಯಲ್ಲಿ ಬಂದಳು. ನಾನು ಕಿಟಕಿಯ ಸರಳಿಗೆ ಮುಖವಿಟ್ಟು, "ನೀಲೀ ರಾಹಿಲೀ! ನೀಲೀ ರಾಹಿಲೀ!" ಎಂದು ಚೀರಿದೆ. ನೀಲಿ ಉಳಿದಿದ್ದಾಳೆ ಎಂದು ಅರ್ಥ. ಪಕ್ಕದ ಬಾಗಿಲು ಮುಚ್ಚಿತು. ಒಳಗಿಂದ ಶರಣಮ್ಮ ಅರ್ಧ ಹಿಂದಿ ಅರ್ಧ ಮರಾಠಿಯಲ್ಲಿ, ಕೂಸು ಮಲಗಿದೆ ಬಾಯಿ ಎಂದಳು. ಸಿಸ್ಟರ್‌ಬಾಯಿ ನಮ್ಮ ಬೇವಿನ ಟೊಂಗೆ ನೋಡಿದಳು, ಮುಚ್ಚಿದ ಬಾಗಿಲು ನೋಡಿದಳು, ಡಬ್ಬಿಯ ಪಟ್ಟಿ ಸರಿಮಾಡಿಕೊಂಡು ಮುಂದಿನ ಗಲ್ಲಿಗೆ ಹೋದಳು. ಅಜ್ಜಿ ನನ್ನ ತಲೆಯ ಮೇಲೆ ಒಂದು ಮೊಟಕಿದಳು, ಜೋರಾಗಿ ಚೀರಿದ್ದಕ್ಕೆ.

ಅಂದು ಊಟಕ್ಕೆ ಕೂತಾಗ ಅಜ್ಜಿ ಹೇಳಿದಳು, ನಾಳೆ ಶುಕ್ರವಾರ, ಅಮ್ಮನನ್ನು ಕಳಿಸುವುದು. ಆನಂದನಿಗೆ ಬೇವಿನ ನೀರಿನ ಸ್ನಾನ ಮಾಡಿಸಿ, ಐದು ಹುಡುಗಿಯರನ್ನು ಕರೆದು ಮೊಸರನ್ನ ಉಣಿಸಬೇಕು. ಹುಡುಗಿಯರು ಉಂಡರೆ ಅಮ್ಮ ಉಂಡಂತೆ.

ಅಪ್ಪ ತುತ್ತು ಕೆಳಗಿಟ್ಟ. "ಡಾಕ್ಟರ್ ಏನ್ ಹೇಳ್ಯಾರ? ಮಂಗಳವಾರನೂ ಆಕಿದ ವಾರ ಅಲ್ಲೇನು? ಮಂಗಳವಾರ ಮಾಡು."

"ಹೊಂಟಾಕಿನ್ನ ತಡಿಬಾರ್ದು ತಮ್ಮಾ."

"ನಾ ಬ್ಯಾಡ ಅಂದ್ರ ಬ್ಯಾಡ" ಎಂದ ಅಪ್ಪ. ಬೆಳಿಗ್ಗೆ ಭೋಂಗಾದ ಹೊತ್ತಾಯಿತೆಂದು ಹೊರಟುಹೋದ. ಆ ಒಂದು ದಿನ ಅವನು ತಡವಾಗಿ ಹೋಗಬಹುದಿತ್ತು.

ಅಜ್ಜಿ ಐದು ಹುಡುಗಿಯರಿಗೆ ಹೇಳಿ ಕಳಿಸಿದಳು. ಕಾಕೂ, "ನಕೋ ಬಾಬಾ!" ಎಂದು ಎರಡೂ ಕೈ ಆಡಿಸಿದಳು. ಅವಳ ಇಬ್ಬರಿಗೂ ಸೂಜಿ ಆಗಿತ್ತು. ಇನ್ನೆರಡು ಮನೆಯ ಹುಡುಗಿಯರಿಗೂ ಹಿಂದಿನ ದಿನ ಶೆಡ್ಡಿನಲ್ಲಿ ಆಗಿತ್ತು, ಅವರೂ ಬರಲಿಲ್ಲ. ಬಂದದ್ದು ಒಬ್ಬಳೇ. ತಲೆಗೆ ಎಣ್ಣೆ ಹಚ್ಚಿ ಎರಡು ಜಡೆ ಹಾಕಿಸಿಕೊಂಡು, ಮದುವೆಗೆ ಹೊಲಿಸಿದ ಹಸಿರು ಫ್ರಾಕು ತೊಟ್ಟು ನೀಲಿ ಬಂದಳು. ಕೆಲಸಕ್ಕೆ ಹೊರಟಿದ್ದ ಶರಣಮ್ಮ ಕೈಹಿಡಿದು ಕರೆತಂದಿದ್ದಳು.

ನಾನು ಬಾಗಿಲಲ್ಲಿ ಎರಡೂ ಕೈ ಅಡ್ಡ ಚಾಚಿ ನಿಂತೆ.

"ಏ ಇನ್‌ಸ್ಪೆಕ್ಟರ್, ಸರಕೋ" ಎಂದು ನಕ್ಕಳು ಶರಣಮ್ಮ.

"ಚಿಗವ್ವಾ, ಇನ್ನೂ ಮುಗದಿಲ್ಲ. ಮಂಗಳವಾರ ಕರ್ಕೊಂಡ ಬಾ. ಇವತ್ತ ಬ್ಯಾಡ."

"ಅಮ್ಮನ ಅನ್ನಕ್ಕ ಬ್ಯಾಡ ಅನಬಾರ್ದವ್ವಾ. ನಿನ್ನಿ ಸೂಜಿ ಒಲ್ಲೆ ಅಂದೀನಿ, ಇವತ್ತ ಅನ್ನನೂ ಒಲ್ಲೆ ಅಂದ್ರ ಆಕಿ ಬಿಡ್ತಾಳೇನು?"

ಅಷ್ಟರಲ್ಲಿ ನೀಲಿ ನನ್ನ ತೋಳಿನ ಕೆಳಗಿಂದ ನುಸುಳಿ ಒಳಗೆ ಹೋಗಿದ್ದಳು. ಆನಂದನ ಮಗ್ಗುಲಲ್ಲಿ ಕೂತು ತಾಟು ಎಳೆದುಕೊಂಡಳು. ಒಂದು ತುತ್ತು ತಿಂದು ಮುಖ ಕಿವುಚಿ, "ಒಗ್ಗರಣಿ ಇಲ್ಲೇನು?" ಎಂದಳು. ಅಜ್ಜಿ ನಕ್ಕುಬಿಟ್ಟಳು. ಆನಂದನೂ ನಕ್ಕ. ಅವನು ಅಷ್ಟು ದಿನದಲ್ಲಿ ನಕ್ಕದ್ದು ಅದೇ ಮೊದಲು; ನಕ್ಕು ಕೆಮ್ಮಿದ.

ಅಜ್ಜಿ ಟೊಂಗೆ ಬಿಚ್ಚಿದಳು. ನಮ್ಮ ಮನೆಯಲ್ಲಿ ಮತ್ತೆ ಸಾಸಿವೆ ಸಿಡಿಯಿತು. ಮಾವಿನಹಣ್ಣು ಬಂತು. ಗಲ್ಲಿಯಲ್ಲಿ ಸೀಮೆಸುಣ್ಣದ ಮನೆ ಬರೆದು ಕುಂಟಾಬಿಲ್ಲೆ ಶುರುವಾಯಿತು. ಆಮೇಲೆ ಪಕ್ಕದ ಬಾಗಿಲಿಗೆ ಟೊಂಗೆ ಬಿತ್ತು.

ನೀಲಿಗೆ ಬಂದದ್ದು ಆನಂದನಿಗೆ ಬಂದಂತೆ ಹಗುರವಾಗಿ ಬರಲಿಲ್ಲ. ಉಸಿರು ಸಿಕ್ಕಿಕೊಳ್ಳತೊಡಗಿದಾಗ ಅಪ್ಪನೇ ರಿಕ್ಷಾ ತಂದು ತಾಯಿ ಮಗಳನ್ನು ದವಾಖಾನೆಗೆ ಒಯ್ದ. ಶರಣಮ್ಮನ ಕೆಲಸ ಹೋಯಿತು. ಮುಕಾದಮ ಬೇರೆಯವಳನ್ನು ಇಟ್ಟುಕೊಂಡ. ಬಹಳ ದಿನಗಳ ಮೇಲೆ ನೀಲಿ ತಿರುಗಿ ಬಂದಳು, ಎರಡೂ ಕಿವಿಯಲ್ಲಿ ಹತ್ತಿ ಇಟ್ಟುಕೊಂಡು. ಕಿವಿ ಸೋರುತ್ತಿತ್ತು. ನಿಂತುಹೋಗುತ್ತದೆ ಎಂದರು. ಸೋರುವುದು ನಿಂತಿತು.

ಹತ್ತಿ ತೆಗೆದ ಮಧ್ಯಾಹ್ನ ನೀಲಿ ನಮ್ಮ ಕಟ್ಟೆಯ ಮೇಲೆ ಕೂತು ಕಲ್ಲಾಡುತ್ತಿದ್ದಳು. ಭೋಂಗಾ ಕೂಗಿತು. ಅವಳು ಒಂದು ಕಲ್ಲು ಮೇಲಕ್ಕೆಸೆದು ಹಿಡಿದಳು. ಇನ್ನೊಂದು ಎಸೆದಳು. ಭೋಂಗಾ ಇನ್ನೂ ಕೂಗುತ್ತಿತ್ತು. ನಳದ ಹತ್ತಿರ ನಿಂತಿದ್ದ ಶರಣಮ್ಮನ ಕೊಡ ತುಂಬಿ ಹೊರಗೆ ಹರಿಯುತ್ತಿತ್ತು, ಅವಳು ಮಗಳನ್ನೇ ನೋಡುತ್ತಿದ್ದಳು. "ನೀಲೀ" ಎಂದಳು. ಮತ್ತೊಮ್ಮೆ, ಜೋರಾಗಿ. ನೀಲಿ ತಿರುಗಲಿಲ್ಲ, ಮುಂದಿನ ಕಲ್ಲು ಎಸೆದಳು. ಆಮೇಲೆ ಅಪ್ಪ ಸೈಕಲ್ ತಳ್ಳಿಕೊಂಡು ಬಂದ. ಗಲ್ಲಿಯ ತುದಿಯಲ್ಲೇ ಇಳಿದಿದ್ದನೇನೋ. ಅಜ್ಜಿ ಕಿಟಕಿಯಿಂದ ಒಳಗೆ ಸರಿದಳು.

ಅಂದು ಊಟಕ್ಕೆ ಕೂತಾಗ ಅಜ್ಜಿ, "ನನಗ ಒಗ್ಗರಣಿ ಹಾಕಬ್ಯಾಡ, ಸಪ್ಪಂದ ಇರಲಿ" ಎಂದಳು. ಅವ್ವ ಅವಳ ಪಾಲನ್ನು ಬೇರೆ ತೆಗೆದಿಟ್ಟಳು. ಅಜ್ಜಿ ಬದುಕಿರುವವರೆಗೂ ಹಾಗೆಯೇ ನಡೆಯಿತು. ಅಪ್ಪನೂ ಅಜ್ಜಿಯೂ ಆ ಶುಕ್ರವಾರದ ಬಗ್ಗೆ ಒಂದು ಮಾತೂ ಆಡಲಿಲ್ಲ. ಆಡಬೇಕಿತ್ತು. ಸಪ್ಪೆ ಉಂಡರೆ ಯಾರಿಗೆ ಏನು ಬಂತು?

ಊರಿನ ಇನ್ನೊಂದು ತುದಿಯ ವಿಮಾನ ನಗರದ ಕಡೆ ಕಟ್ಟಡಗಳು ಏಳುತ್ತಿವೆಯೆಂದು ಯಾರೋ ಕರೆದರು. ಶರಣಮ್ಮ ಪೆಟ್ಟಿಗೆ ಹೊತ್ತು, ನೀಲಿಯ ಕೈ ಹಿಡಿದು ಹೋದಳು. ಆಮೇಲೆ ಅವರ ಸುದ್ದಿಯಿಲ್ಲ.

ನಾನೀಗ ವಿಮಾನ ನಗರದಲ್ಲೇ ಇದ್ದೇನೆ, ಮನೆಗೆ ಹಿರಿಯಳು. ಈಚಿನ ಮಹಾಮಾರಿಯಲ್ಲಿ ನಮ್ಮ ಸೊಸೈಟಿಯವರನ್ನು ಕಣ್ಣಾರೆ ಕಂಡೆ. ಎರಡೂ ಸೂಜಿ ಹಾಕಿಸಿಕೊಂಡವರು ಹಾಲಿನವನನ್ನೂ ಗೇಟಿನೊಳಗೆ ಬಿಡಲಿಲ್ಲ. ಸೂಜಿಯೇ ಮೋಸ ಎಂದವರು ಟೆರೇಸಿನ ಮೇಲೆ ಹುಟ್ಟುಹಬ್ಬ ಮಾಡಿದರು. ಜ್ವರ ಬಂದವರು ಬಾಗಿಲಿಗೆ ಚೀಟಿ ಹಚ್ಚುತ್ತಾರೆಂದು ಹೆದರಿ, ಗುಳಿಗೆ ನುಂಗಿ, ಲಿಫ್ಟಿನಲ್ಲಿ ನಗುತ್ತ ನಮಸ್ಕಾರ ಹೇಳಿದರು. ನಮ್ಮ ಚಾಳಿನ ತಿಳಿಗೇಡಿಗಳು ಬೇರೆ ಏನು ಮಾಡಿದರೂ ಬಂದ ಬೇನೆಯನ್ನು ಮುಚ್ಚಿಡುತ್ತಿರಲಿಲ್ಲ. ಮನೆಯಲ್ಲಿ ಬೇನೆ ಇದ್ದರೆ ಟೊಂಗೆ ಇರುತ್ತಿತ್ತು. ಅದೊಂದಾದರೂ ಉಳಿಯಬೇಕಿತ್ತು. ಅದನ್ನೇ ಬಿಟ್ಟು, ಉಳಿದದ್ದೆಲ್ಲವನ್ನೂ ಇಟ್ಟುಕೊಂಡಿದ್ದೇವೆ.

ನಿಗಡಿಗೆ ಹೋದರೆ ಈಗ ಚಾಳು ಇಲ್ಲ, ಬೇವಿನ ಗಿಡವೂ ಇಲ್ಲ. ಭೋಂಗಾ ನಿಂತು ಎಷ್ಟೋ ಕಾಲವಾಯಿತು. ಆನಂದ ಅಲ್ಲೇ ಫ್ಲ್ಯಾಟು ಕೊಂಡಿದ್ದಾನೆ. ಮಧ್ಯಾಹ್ನ ಇಳಿದು ಚಹಾದ ಹೊತ್ತಾದಾಗ ನನ್ನ ಕಣ್ಣು ತಾನಾಗಿ ಅವನ ಬಾಲ್ಕನಿಯ ಕೆಳಗಿನ ರಸ್ತೆಯ ತುದಿಗೆ ಹೋಗುತ್ತದೆ. ಅಲ್ಲಿ ಆಡುವ ಮಕ್ಕಳಲ್ಲಿ ಯಾರೂ ತಲೆ ಎತ್ತುವುದಿಲ್ಲ. ಎತ್ತಲು ಅವರಿಗೆ ಕಾರಣವಿಲ್ಲ, ಅದು ನನಗೂ ಗೊತ್ತು. ಆದರೂ ಒಬ್ಬಳಾದರೂ ಓಡಿಯಾಳೇ ಎಂದು ಚಹಾ ಆರುವವರೆಗೆ ನೋಡುತ್ತ ನಿಲ್ಲುತ್ತೇನೆ.