ಫರ್ಸಿಯ ಬಿರುಕಿಗೆ ಸುರಿದ ಚಹಾ

ನನಗೆ ಹೆಣ್ಣು ನೋಡಲು ರಾಣೆಬೆನ್ನೂರಿನಿಂದ ಬ್ಯಾಡಗಿಗೆ ಹೋದ ದಿನ ನನ್ನ ಸೋದರಮಾವನ ಬಾಯಿ ಸುಮ್ಮನಿರಲಿಲ್ಲ. ಹುಡುಗ ರಾಜಸ್ಥಾನದಲ್ಲಿ ಎಣ್ಣೆ ಬಾವಿ ಕೊರೆಯುತ್ತಾನೆ ಎಂದು ಕೂತ ಕೂಡಲೇ ಜಂಬ ಕೊಚ್ಚಿದ. ಹುಡುಗಿಯ ತಾಯಿಯ ಮುಖ ಕಪ್ಪಿಟ್ಟಿತು. ಮೆಣಸಿನಕಾಯಿ ವ್ಯಾಪಾರವನ್ನು ಒಬ್ಬರೇ ನಡೆಸುವ ಹೆಂಗಸು. ಅವರ ಗಂಡ ಹೊಲದ ಬಾವಿಯ ಹೂಳೆತ್ತಲು ಇಳಿದಾಗ ಗೋಡೆ ಕುಸಿದು ತೀರಿಕೊಂಡಿದ್ದರಂತೆ. ಬಾವಿ ಕೆಲಸದವನಿಗೆ ಮಗಳನ್ನು ಕೊಡಲಾರೆ ಎಂದು ಮೆತ್ತಗೆ ಹೇಳಿ, ಚಹಾ ತಾವೇ ತಂದಿಟ್ಟರು. ಹುಡುಗಿ ಚಹಾ ತರಲಿಲ್ಲ ಎಂದರೆ ನಮ್ಮ ಕಡೆ ಮಾತು ಮುಗಿದಂತೆ.

ನನಗೆ ಸಿಟ್ಟು ಬಂದದ್ದು ಮಾವನ ಮೇಲೆ. ಆ ತಾಯಿಯ ಮೇಲೆ ಹೇಗೆ ಬರಬೇಕು? ಫೋನಿನಲ್ಲಿ ಮಾತಾಡಿದಾಗಲೇ ಹುಡುಗಿ ಹಿಡಿಸಿದ್ದಳು, ಎದ್ದು ಹೋಗಲು ಮನಸ್ಸಾಗಲಿಲ್ಲ. ಅಲ್ಲದೆ ಬಾವಿಯ ಗೋಡೆ ಕುಸಿಯದಂತೆ ಕಾಯುವುದೇ ನನ್ನ ಕೆಲಸ.

ನಮ್ಮ ಬಾವಿ ಗೇಣಗಲದ್ದು, ಅದರೊಳಗೆ ಯಾರೂ ಇಳಿಯುವುದಿಲ್ಲ, ಕೆಸರು ತುಂಬಿ ಅದರ ಒತ್ತಡದಿಂದಲೇ ಗೋಡೆ ನಿಲ್ಲಿಸುತ್ತೇವೆ ಎಂದೆ. ಒತ್ತಡ ಹೆಚ್ಚಾದರೆ ಬಂಡೆ ಬಿರುಕು ಬಿಟ್ಟು ಕೆಸರು ಸೋರುತ್ತದೆ ಎಂದೂ ಹೇಳಿದೆ. ತಾಯಿ ಕಿಟಕಿಯಾಚೆ ನೋಡುತ್ತಿದ್ದರು. ಬಾಯಿಮಾತು ಸಾಕೆನಿಸಿ ನೆಲಕ್ಕೆ ಮಂಡಿಯೂರಿದೆ.

ನೆಲಕ್ಕೆ ಹಾಸಿದ್ದ ಒಂದು ಫರ್ಸಿ ಕಲ್ಲು ಸೀಳಿತ್ತು. ತಟ್ಟೆಯಲ್ಲಿದ್ದ ಶೇಂಗಾ ಸಿಪ್ಪೆ ಮುರಿದು ಬಿರುಕಿನ ಬಾಯಿಗೆ ಒತ್ತಿದೆ. ಮೂಲೆಯಲ್ಲಿ ಬಿದ್ದಿದ್ದ ಮೆಣಸಿನ ಬೀಜ ಗೋರಿ ತುಂಬಿದೆ, ಮೇಲೆ ಖಾರದ ಧೂಳು ಉದುರಿಸಿದೆ. ನಾವೂ ಕೆಸರಿನಲ್ಲಿ ಹೊಟ್ಟು, ನಾರು, ಕಲ್ಲಿನ ಪುಡಿ ಬೆರೆಸಿ ಕಳಿಸುತ್ತೇವೆ, ದಪ್ಪನೆಯದು ಬಿರುಕಿನ ಬಾಯಲ್ಲಿ ಸಿಕ್ಕಿಕೊಳ್ಳುತ್ತದೆ, ಸಣ್ಣದು ಸಂದಿ ಮುಚ್ಚುತ್ತದೆ, ಆಮೇಲೆ ಗೋಡೆ ಮೊದಲಿಗಿಂತ ಹೆಚ್ಚು ಒತ್ತಡ ತಡೆಯುತ್ತದೆ ಎನ್ನುತ್ತಾ ನನ್ನ ಚಹಾವನ್ನು ಅದರ ಮೇಲೆ ಸುರಿದೆ. ಮಾವ ಹಣೆ ಚಚ್ಚಿಕೊಂಡ. ಚಹಾ ಸ್ವಲ್ಪ ಇಂಗಿತು, ಆಮೇಲೆ ನಿಂತಿತು.

ತಾಯಿ ಬಗ್ಗಿ ನೋಡಿದರು. ಬಿರುಕನ್ನು ಬೆರಳಿನಿಂದ ಒತ್ತಿದರು.

“ಅವತ್ತು ಹಗ್ಗ ಗಟ್ಟಿ ಐತೇನಂತ ಎಲ್ಲಾರೂ ಜಗ್ಗಿ ನೋಡಿದ್ವಿ,” ಎಂದರು. “ಗೋಡಿ ಯಾರೂ ನೋಡಲಿಲ್ಲ.”

ನನಗೆ ದುಃಖ ಒತ್ತರಿಸಿ ಬಂತು. ಖಾಲಿ ಕಪ್ಪು ಹಿಡಿದು ಅಲ್ಲೇ ಕೂತಿದ್ದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ಒಳಮನೆಯ ಕಡೆ ತಿರುಗಿ ಮಗಳನ್ನು ಕೂಗಿದರು.

“ಇನ್ನೊಂದು ಕಪ್ ಚಾ ಬೇಕವ್ವ. ನೀನ ತಗೊಂಡು ಬಾ.”