ಟೇಪಿಲ್ಲದ ಕ್ಯಾಸೆಟ್ಟು ಮತ್ತು ಕಾಕಾನ ಟವೆಲ್ಲು

ಹೋದ ವಾರ ನಾನು ಟೇಪೇ ಇಲ್ಲದ ಕ್ಯಾಸೆಟ್ ಕೊಂಡೆ.

ಮೋಸ ಹೋಗಲಿಲ್ಲ, ಗೊತ್ತಿದ್ದೇ ಕೊಂಡೆ. ಸಾಂಗಲಿಯ ಗಣಪತಿ ಪೇಟೆಯ ಗಲ್ಲಿಯೊಂದರಲ್ಲಿ ರೇಡಿಯೊ, ಟಾರ್ಚು, ರಿಮೋಟು ಎಲ್ಲವನ್ನೂ ಒಂದೇ ಗಾಜಿನ ಕಪಾಟಿನಲ್ಲಿ ತುರುಕಿಟ್ಟುಕೊಂಡ ಅಂಗಡಿ. ಅಲ್ಲಿ ಸಿಕ್ಕಿತು. ನೋಡಲು ಥೇಟ್ ಕ್ಯಾಸೆಟ್ಟು. ಎರಡು ಹಲ್ಲುಗಾಲಿಯ ತೂತು, ನಾಲ್ಕು ಮೂಲೆಗೆ ಸ್ಕ್ರೂ. ಆದರೆ ಒಳಗೆ ಕಂದು ರಿಬ್ಬನ್ ಇಲ್ಲ. ಒಂದು ಮೂಲೆಯಿಂದ ಕಪ್ಪು ವೈರು ಇಲಿಯ ಬಾಲದಂತೆ ಜೋತುಬಿದ್ದಿದೆ. ಬಾಲದ ತುದಿಯನ್ನು ನಿಮ್ಮ ಎಂಪಿತ್ರೀ ಪ್ಲೇಯರಿನ ಇಯರ್‌ಫೋನ್ ತೂತಿಗೆ ಸಿಕ್ಕಿಸಬೇಕು. ಕ್ಯಾಸೆಟ್ಟನ್ನು ಕಾರಿನ ಸ್ಟೀರಿಯೊದ ಬಾಯಿಗೆ ಕೊಡಬೇಕು. ಜೇಬಿನೊಳಗಿನ ಸಂಗೀತ ಕಾರಿನ ತುಂಬ ಕೇಳುತ್ತದೆ.

ಇದು ಅಂಗಡಿಯವರ ವಾದ. ವಾದ ಅಂದಮೇಲೆ ಪ್ರತಿವಾದ ಬೇಡವೇ? (ನೀವು ನನ್ನನ್ನು ಪ್ರತಿ ವಾರ ಸಹಿಸಿಕೊಳ್ಳುವವರು, ನಿಮಗೆ ಗೊತ್ತಿರುವುದೇ.) ಟೇಪ್ ಇಲ್ಲ ಅಂದಮೇಲೆ ಸ್ಟೀರಿಯೊದ ಹೆಡ್ಡು ಓದುವುದಾದರೂ ಏನನ್ನು ಎಂದು ಕೇಳಿದೆ. ಹಾಳೆಯೇ ಇಲ್ಲದ ಪುಸ್ತಕವನ್ನು ಯಾರಾದರೂ ಗಟ್ಟಿಯಾಗಿ ಓದಿದ್ದುಂಟೇ ಎಂದೂ ಕೇಳಿದೆ. ಅಂಗಡಿಯವರು ಮರಾಠಿಯಲ್ಲಿ ಹೇಳಿದ್ದು ಒಂದೇ ಮಾತು, "ಚಾಲತಂಯ ಕೀ, ತಾಯಿ." ನಡೀತದಲ್ಲಮ್ಮ. ಇನ್ನೂ ಎರಡು ಪ್ರಶ್ನೆ ಹಾಕಿದೆ. ಎರಡಕ್ಕೂ ಅದೇ ಉತ್ತರ.

ಇಂಥ ಎದುರಾಳಿಯನ್ನು ಯಾವ ಚರ್ಚಾಸ್ಪರ್ಧೆಯಲ್ಲೂ ಸೋಲಿಸಲಾಗದು. ಕೊಂಡು ಬಂದೆ.

ಇಷ್ಟೊಂದು ಅನುಮಾನ ಇಟ್ಟುಕೊಂಡು ಕೊಂಡಿದ್ದೇಕೆ? ಕಾಕಾನಿಗಾಗಿ.

ಕಾಕಾ ಅಂದರೆ ನನ್ನ ಅಪ್ಪನ ತಮ್ಮ. ಸಾಂಗಲಿಯ ಮಾರ್ಕೆಟ್ ಯಾರ್ಡಿನಲ್ಲಿ ಅರಿಷಿಣದ ದಲಾಲಿ. ನಮ್ಮದು ಅಥಣಿ ಕಡೆಯಿಂದ ಬಂದು ಇಲ್ಲೇ ಬೇರುಬಿಟ್ಟ ಮನೆತನ. ಮನೆಯಲ್ಲಿ ಕನ್ನಡ, ಮೆಟ್ಟಿಲಿಳಿದರೆ ಮರಾಠಿ. ಕಾಕಾ ಎರಡರಲ್ಲೂ ಜಗಳಕ್ಕೆ ಸಿದ್ಧ. ಆ ಗಂಟಲು ಎಂಥದು ಅನ್ನುವುದಕ್ಕೆ ನೀವು ಸಹಕಾರಿ ಪತಸಂಸ್ಥೆಯ, ಅಂದರೆ ಪತ್ತಿನ ಸಂಘದ, ವಾರ್ಷಿಕ ಸಭೆಯನ್ನು ಕಣ್ಣ ಮುಂದೆ ತಂದುಕೊಳ್ಳಬೇಕು. ವೇದಿಕೆಯ ಮೇಲೆ ಚೇರಮನ್‌ರು, ಅವರ ಕೊರಳಲ್ಲಿ ಹಾರ. ವಿಷಯ ಓದಿ ಮುಗಿಯುವ ಮೊದಲೇ "ಮಂಜೂರ, ಮಂಜೂರ" ಎಂದು ಕೂಗಲೆಂದೇ ಕೂರಿಸಿದ ಮೊದಲ ಸಾಲು. ಕೊನೆಗೆ ಚಿವಡಾ ಪೊಟ್ಟಣ, ಮುಗಿಯಿತು. ಇಡೀ ಮಹಾರಾಷ್ಟ್ರ ನಡೆಯುತ್ತಿರುವುದೇ ಹೀಗೆ ಎಂದು ಒಮ್ಮೊಮ್ಮೆ ಅನಿಸುತ್ತದೆ. ಅಂಥ ಸಭೆಯಲ್ಲಿ ಹಿಂದಿನ ಸಾಲಿನಿಂದ ಮೈಕಿಲ್ಲದೆ ಒಂದು "ಥಾಂಬಾ" ಬರುತ್ತಿತ್ತು. ನಿಲ್ಲಿ. ಸಭೆ ನಿಲ್ಲುತ್ತಿತ್ತು. ಚೇರಮನ್‌ರು ನೀರು ಕುಡಿಯುತ್ತಿದ್ದರು.

ಆ ಸಭೆಗಳಿಗೆ ನಾನೂ ಹೋಗುತ್ತಿದ್ದೆ, ಚಿವಡಾದ ಆಸೆಗೆ. ಚಿವಡಾ ತಿನ್ನುತ್ತ ವಾದ ಕಲಿತೆ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಗೆದ್ದ ಕಪ್ಪುಗಳೆಲ್ಲ ಆಮೇಲಿನ ಮಾತು.

ಒಂದು ತಮಾಷೆ ಏನೆಂದರೆ, ಇಂಥ ಗಂಟಲಿಗೆ ಅವರ ಸ್ವಂತ ವ್ಯಾಪಾರದಲ್ಲಿ ಕೆಲಸವೇ ಇರಲಿಲ್ಲ. ಅರಿಷಿಣದ ಹಳೇ ಸೌದಾ ನಡೆಯುತ್ತಿದ್ದುದು ಟವೆಲ್ಲಿನ ಕೆಳಗೆ. ಕೊಳ್ಳುವವನೂ ದಲಾಲನೂ ಕೈ ಕೈ ಹಿಡಿದು, ಮೇಲೆ ಟವೆಲ್ ಹೊದಿಸಿ, ಬೆರಳು ಒತ್ತಿ ದರ ಹೇಳುವುದು. ಸುತ್ತ ಹತ್ತು ಜನ ನಿಂತಿದ್ದರೂ ದರ ಗೊತ್ತಾಗುವುದು ಆ ಎರಡು ಕೈಗೆ ಮಾತ್ರ. ಒಪ್ಪಿಗೆಯಾದರೆ ಅಂಗೈ ಮೇಲೆ ಒಂದು ಪೆಟ್ಟು. ಇಲ್ಲವಾದರೆ ಕೈ ಕೊಡವಿ ಎದ್ದು ಹೋಗುವುದು. ಈಗ ಕೂಗುವ ಹರಾಜು ಬಂದಿದೆ, ಆದರೂ ಹಳಬರ ಹೆಗಲ ಮೇಲೆ ಟವೆಲ್ ಹಾಗೇ ಇದೆ.

ಈ ಬೆರಳಿನ ಲೆಕ್ಕವನ್ನು ಕಾಕಾ ತಮ್ಮ ಮಗ ಮಲ್ಲುದಾದಾನಿಗೆ ಕಲಿಸಿದರು. ನನಗೆ ಕಲಿಸಲಿಲ್ಲ. ಯಾಕೆ ಎಂದು ಶಾಲೆಯಲ್ಲಿದ್ದಾಗಲೇ ಕೇಳಿದ್ದೆ. "ಪ್ಯಾಟ್ಯಾಗ ಹೆಂಗಸರ ಇಲ್ಲಲ್ಲವಾ, ಯಾರ ಕೈ ಹಿಡಿಯಾಕಿ ನೀ?" ಅಂದಿದ್ದರು. ಕಲಿಸದಿದ್ದರೆ ಹೆಂಗಸರು ಪೇಟೆಗೆ ಬರುವುದಾದರೂ ಹೇಗೆ ಎಂದು ನಾನು. ವಾದ ನಾನು ಗೆದ್ದೆ. ವಿದ್ಯೆ ಸಿಗಲಿಲ್ಲ.

ಈ ಮಳೆಗಾಲದಲ್ಲಿ ಕಾಕಾನ ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡಿತು. ಮಿರಜಿನ ಡಾಕ್ಟರರು ಧ್ವನಿಪೆಟ್ಟಿಗೆಯನ್ನೇ ತೆಗೆದು ಜೀವ ಉಳಿಸಿದರು. ಈಗ ಅವರು ಉಸಿರಾಡುವುದು ಕೊರಳಿನಲ್ಲಿ ಮಾಡಿದ ತೂತಿನಿಂದ. ಅದರ ಮೇಲೆ ಬಿಳಿ ಗಾಜ್ ಬಟ್ಟೆ, ಬಟ್ಟೆಯ ಮೇಲೆ ಟವೆಲ್ಲು. ಹೆಗಲ ಮೇಲಿದ್ದ ಟವೆಲ್ಲು ಕೊರಳಿಗೆ ಬಂದು ಸುತ್ತಿಕೊಂಡಿತು. ಮನೆಯವರ ಎದುರೂ ಅದನ್ನು ತೆಗೆಯುತ್ತಿರಲಿಲ್ಲ.

ಬರೆಯಲು ಪಾಟಿ ಕೊಟ್ಟೆವು. ಅವರು ಅರ್ಧ ಸಾಲು ಬರೆಯುವಷ್ಟರಲ್ಲಿ ನಾವು ಮನೆಯ ಐದೂ ಜನ ಊಹಿಸಿ ಉತ್ತರ ಕೊಟ್ಟುಬಿಡುತ್ತಿದ್ದೆವು. ಒಂದು ದಿನ ಪಾಟಿಯನ್ನು ಬೋರಲು ಹಾಕಿ ಇಟ್ಟರು. ಅಲ್ಲಿಗೆ ಮುಗಿಯಿತು. ಚಹಾ ಬೇಕೇ ಅಂದರೆ ಹೌದಿಲ್ಲ, ಬೇಡವೇ ಅಂದರೆ ಅಲ್ಲವಿಲ್ಲ. ತಲೆ ಕೂಡ ಅಲ್ಲಾಡಿಸರು. ಗೋಡೆಯ ಕಡೆ ಮುಖ.

ಮಿರಜಿನಲ್ಲಿ ಗಂಟಲಿಗೆ ಹಿಡಿದು ಮಾತಾಡುವ ಒಂದು ಯಂತ್ರ ಇದೆಯಂತೆ. ಡಾಕ್ಟರರು ತೋರಿಸಿದರು, ಕಾಕಾ ನೋಡಲಿಲ್ಲ. ಹೊರಗೆ ಬಂದು ಡಾಕ್ಟರರು ನಮಗೆ ಮೆಲ್ಲಗೆ ಹೇಳಿದ್ದು ಇಷ್ಟು: ಯಂತ್ರ ಕೊಡಬಹುದು, ಕಲಿಸಬಹುದು. ಆದರೆ ಯಾರ ಜೊತೆಗಾದರೂ ಮಾತಾಡಬೇಕು ಅಂತ ಇವರಿಗೆ ಅನಿಸಬೇಕಲ್ಲ, ಅದನ್ನು ನಾವು ಕೊಡಲಾಗುವುದಿಲ್ಲ.

ಹಾಗಾಗಿ ಆ ಕ್ಯಾಸೆಟ್ಟು. ಕಾಕಾನಿಗೆ ಕಾರಿನಲ್ಲಿ ಸಿತಾರ ಕೇಳುವ ಹುಚ್ಚು. ಅವರ ಹಳೇ ಕ್ಯಾಸೆಟ್ಟುಗಳೆಲ್ಲ ಬಿಸಿಲಿಗೆ ಜಗ್ಗಿ, ಸಿತಾರ ಹೋಗಿ ಬೆಕ್ಕಿನ ದನಿ ಬರುತ್ತಿತ್ತು. ಮಿರಜಿನ ಗೆಳತಿಯೊಬ್ಬಳು ಸಂಗೀತದ ಕೂಟಗಳಲ್ಲಿ ತಾನೇ ಹಿಡಿದಿಟ್ಟದ್ದನ್ನು ನನ್ನ ಪ್ಲೇಯರಿಗೆ ತುಂಬಿಕೊಟ್ಟಳು. ಬೇಕೆಂದೇ ಹಾಡು ಹಾಕಿಸಲಿಲ್ಲ. ಗಂಟಲು ಬೇಡದ ಸಂಗೀತ ಮಾತ್ರ.

ಮೊನ್ನೆ ತಪಾಸಣೆ ಮುಗಿಸಿ ಮಿರಜಿನಿಂದ ಸಾಂಗಲಿಗೆ ಮರಳುತ್ತಿದ್ದೆವು. ಮಲ್ಲುದಾದಾ ಕಾರು ಓಡಿಸುತ್ತಿದ್ದ. ಪಕ್ಕದಲ್ಲಿ ಕಾಕು, ಅಂದರೆ ಕಾಕಾನ ಹೆಂಡತಿ. ಹಿಂದೆ ಕೂತರೆ ಅವರಿಗೆ ಹೊಟ್ಟೆ ತೊಳಸುತ್ತದೆ. ಹಿಂದಿನ ಸೀಟಿನಲ್ಲಿ ಕಾಕಾ ಮತ್ತು ನಾನು. ಪ್ಲೇಯರ್ ನನ್ನ ತೊಡೆಯ ಮೇಲೆ, ವೈರು ಮುಂದಿನ ಎರಡು ಸೀಟುಗಳ ನಡುವೆ ಹಾದು ಸ್ಟೀರಿಯೊಕ್ಕೆ. ಕಾಕು ಕ್ಯಾಸೆಟ್ ತುರುಕಿದರು. ಸ್ಟೀರಿಯೊ ಒಂದು ಕ್ಷಣ ಬಾಯಾಡಿಸಿ ಹೊರಗೆ ಉಗುಳಿತು.

"ಒಲ್ಲೆ ಅಂತೈತಿ ಬಿಡವಾ," ಅಂದರು ಕಾಕು. "ಮನ್ಯಾಗ ಒಬ್ಬರು ಒಲ್ಲೆ ಅನ್ನಾವರು ಸಾಲಲಿಲ್ಲೇನು."

ತಿರುಗಿಸಿ ಹಾಕಲು ಹೇಳಿದೆ. ಹಾಕಿದರು. ಸುಸ್ ಎಂದಿತು. ನಾನು ನನ್ನ ವಾದ ಗೆದ್ದೆ ಅಂದುಕೊಂಡೆ.

ಆಗ ಸಿತಾರ ಬಂತು.

ಹೇಗೆ ಹೇಳಲಿ? ಹಿಂದಿನ ದಿನವೇ ಸ್ಕ್ರೂ ಬಿಚ್ಚಿ ಅದರ ಹೊಟ್ಟೆಯೊಳಗೆ ನೋಡಿದ್ದೆ. ನಾಲ್ಕಾರು ಪ್ಲಾಸ್ಟಿಕ್ ಹಲ್ಲುಗಾಲಿ. ಅವು ಸುಮ್ಮನೆ ತಿರುಗುತ್ತವೆ, ಟೇಪು ಓಡುತ್ತಿದೆ ಎಂದು ಸ್ಟೀರಿಯೊವನ್ನು ನಂಬಿಸಲು. (ವಾರ್ಷಿಕ ಸಭೆಯ ಮೊದಲ ಸಾಲಿನ ಹಾಗೆ.) ಅವುಗಳ ನಡುವೆ ಉಗುರಿನಷ್ಟು ಒಂದು ಲೋಹದ ತುಂಡು. ಅದು ಸ್ಟೀರಿಯೊದೊಳಗಿನ ಅಂಥದೇ ಇನ್ನೊಂದು ತುಂಡಿಗೆ ಒತ್ತಿಕೊಂಡು ನಿಲ್ಲುತ್ತದೆ. ಅಷ್ಟೇ. ಎರಡರ ನಡುವೆ ವೈರಿಲ್ಲ, ರಿಬ್ಬನ್ನಿಲ್ಲ. ಈ ತುಂಡಿನ ಕಾಂತಶಕ್ತಿ ಸಿತಾರದ ಸ್ವರಕ್ಕೆ ತಕ್ಕಂತೆ ಏರಿಳಿಯುತ್ತದೆ, ಆ ತುಂಡಿಗೆ ಅದು ತಾಗುತ್ತದೆ. ಇದನ್ನು ಪಾಠದಲ್ಲಿ ಓದಿದ್ದೆ, ಬರೆದು ಅಂಕವನ್ನೂ ತೆಗೆದಿದ್ದೆ. ಆದರೆ ಅಷ್ಟು ವರ್ಷವೂ ನಂಬಿರಲಿಲ್ಲ ಅನ್ನುವುದು ಆ ಕ್ಷಣ ಗೊತ್ತಾಯಿತು. ಸಿತಾರದ ಮುಖ್ಯ ತಂತಿಯ ಹಿಂದೆ, ಯಾರೂ ಮುಟ್ಟದ ತರಬಿನ ತಂತಿಗಳು ತಾವಾಗಿ ಗುಂಯ್‌ಗುಟ್ಟುವುದು ಕೂಡ ಕೇಳುತ್ತಿತ್ತು. ಮೈಮೇಲೆ ಮುಳ್ಳೆದ್ದಿತು. ನಾನು, ಅನುಮಾನವೇ ಕಸುಬಾದವಳು, ಬಾಯಿ ತೆರೆದು ಕೂತಿದ್ದೆ.

ಪಕ್ಕಕ್ಕೆ ನೋಡಿದೆ. ಕಾಕಾ ಕಿಟಕಿಯಿಂದ ಮುಖ ತಿರುಗಿಸಿದ್ದರು. ಕೊರಳಿಗೆ ಕೈ ಹಾಕಿ ನಿಧಾನಕ್ಕೆ ಟವೆಲ್ ಬಿಚ್ಚಿದರು. ಬಿಳಿ ಬಟ್ಟೆ ಬಯಲಾಯಿತು. ಪಕ್ಕದಲ್ಲಿ ಹೋಗುತ್ತಿದ್ದ ಮೋಟರ್‌ಸೈಕಲ್ಲಿನವನು ಕಣ್ಣು ಕೀಳದೆ ನೋಡಿದ. ಕಾಕಾ ಲಕ್ಷ್ಯ ಕೊಡಲಿಲ್ಲ. ಟವೆಲ್ಲನ್ನು ನನ್ನ ಕೈ ಮೇಲೆ ಹೊದಿಸಿ, ಅದರ ಕೆಳಗೆ ನನ್ನ ಕೈ ಹಿಡಿದರು.

ನಾನು ಏನು ಮಾಡಿದೆ ಅಂತೀರಿ? ಅತ್ತೆ. ತಂದೆಯಂಥ ಮನುಷ್ಯ ಇಷ್ಟು ದಿನದ ಮೇಲೆ ಪ್ರೀತಿಯಿಂದ ಕೈ ಹಿಡಿದಿದ್ದಾರೆ ಎಂದು ಸಂಗೀತದ ಭರದಲ್ಲಿ ಅತ್ತೆ. ಮುಂದಿನ ಸೀಟಿಗೆ ವರದಿಯನ್ನೂ ಒಪ್ಪಿಸಿದೆ. ಕಾಕು ತಿರುಗಿ ನೋಡಿ ಅವರೂ ಸೆರಗು ಕಣ್ಣಿಗೊತ್ತಿಕೊಂಡರು.

ಕಾಕಾನ ಹುಬ್ಬು ಗಂಟಾಯಿತು. ಕೈ ಬಿಟ್ಟರು, ಮತ್ತೆ ಹಿಡಿದರು. ಬಿಟ್ಟರು, ಹಿಡಿದರು. ಈ ಸಲ ನೋಯುವಷ್ಟು ಗಟ್ಟಿಯಾಗಿ.

ಮಲ್ಲುದಾದಾ ಕನ್ನಡಿಯಲ್ಲಿ ನೋಡುತ್ತಿದ್ದ. ಕಬ್ಬಿನ ಟ್ರ್ಯಾಕ್ಟರ್ ಒಂದನ್ನು ಮುಂದೆ ಬಿಟ್ಟು ಕಾರನ್ನು ರಸ್ತೆ ಬದಿಗೆ ನಿಲ್ಲಿಸಿದ. ಸಿತಾರ ನಡೆದೇ ಇತ್ತು.

"ಟವೆಲ್ ಹಾಕ್ಯಾರಲ್ಲ," ಅಂದ. "ಹೆಂಗ ಹಿಡದ್ರು ಹೇಳ. ಅಳೂದು ಆಮ್ಯಾಲೆ."

ಪೂರಾ ಕೈ ಹಿಡಿದು ಬಿಟ್ಟರು, ಮತ್ತೆ ಪೂರಾ ಕೈ, ಆಮೇಲೆ ಎರಡು ಬೆರಳು ಮಾತ್ರ ಎಂದೆ.

"ಪಂಜಾ, ಪಂಜಾ, ಎರಡು. ಐದು, ಐದು, ಎರಡು. ಹನ್ನೆರಡು."

"ಹನ್ನೆರಡು ಏನು?" ಕಾಕು ಗಾಬರಿಯಾದರು. "ಗುಳಿಗಿಯೇನು? ತಾಸೇನು?"

ಕಾಕಾ ಗದ್ದ ಎತ್ತಿ ಸ್ಟೀರಿಯೊದ ಕಡೆ ತೋರಿಸಿದರು. ಅಲ್ಲಿ ಹಸಿರು ಅಕ್ಷರದಲ್ಲಿ ವಾಲ್ಯೂಮು ಇಪ್ಪತ್ತು ಅಂತ ಹೊಳೆಯುತ್ತಿತ್ತು.

ಸಪ್ಪಳ ಬಹಳ ಆಯಿತು, ಹನ್ನೆರಡಕ್ಕೆ ಇಳಿಸಿರಿ. ಅವರು ಹೇಳುತ್ತಿದ್ದುದು ಇಷ್ಟೇ. ಪ್ರೀತಿ ಅಲ್ಲ, ತಕರಾರು.

ತಕರಾರು! ವಾರಗಟ್ಟಲೆ ಗೋಡೆಗೆ ಮುಖ ಮಾಡಿ ಕೂತಿದ್ದ ಮನುಷ್ಯ ತಕರಾರು ಎತ್ತಿದ್ದಾರೆ. ಅದೂ ನನ್ನ ಕೈಯಲ್ಲಿ. ಪೇಟೆಗೆ ಹೋಗದ, ಬೆರಳಿನ ಲೆಕ್ಕ ಕಲಿಯದ ನನ್ನ ಕೈಯಲ್ಲಿ. ಅಲ್ಲಿ ಆ ಡಬ್ಬಿಯೊಳಗೆ ಒಂದು ತುಂಡು ಲೋಹ ಇನ್ನೊಂದಕ್ಕೆ ಒತ್ತಿಕೊಂಡು ಸದ್ದಿಲ್ಲದೆ ಸಿತಾರ ದಾಟಿಸುತ್ತಿತ್ತು. ಇಲ್ಲಿ ಟವೆಲ್ಲಿನ ಕೆಳಗೆ ಒಂದು ಕೈ. ಯಾವುದಕ್ಕೆ ಹೆಚ್ಚು ಬೆರಗಾಗಬೇಕು ಅನ್ನುವುದು ನನಗೆ ಇವತ್ತಿಗೂ ತೀರ್ಮಾನವಾಗಿಲ್ಲ.

ಮಲ್ಲುದಾದಾ ವಾಲ್ಯೂಮಿಗೆ ಕೈ ಚಾಚಿದ. ನಾನು ತಡೆದೆ. ಡೀಸೆಲ್ ಗಾಡಿಯ ಗದ್ದಲದಲ್ಲಿ ಹನ್ನೆರಡಕ್ಕೆ ಸಿತಾರ ಕೇಳುತ್ತದೆಯೇ? ನ್ಯಾಯವೇ ಇದು? ಟವೆಲ್ಲಿನ ಕೆಳಗೆ ಕಾಕಾನ ಕೈ ಹಿಡಿದೆ. ಪಂಜಾ, ಪಂಜಾ, ಪಂಜಾ, ಒಂದು ಬೆರಳು. ಹದಿನಾರು. ಆಗಷ್ಟೇ ಕಲಿತ ಭಾಷೆಯಲ್ಲಿ ನನ್ನ ಮೊದಲ ಮಾತು ಒಂದು ವಿರೋಧ.

ಕಾಕಾ ನನ್ನ ಮುಖ ನೋಡಿದರು. ಹೆಗಲು ಕುಣಿಯತೊಡಗಿತು. ಕೊರಳ ಮೇಲಿನ ಬಿಳಿ ಬಟ್ಟೆ ಪಟಪಟ ಹಾರಿತು. ಏನೋ ಆಯಿತೆಂದು ಹೆದರಿದೆ. ಆಮೇಲೆ ತಿಳಿಯಿತು, ನಗುತ್ತಿದ್ದರು. ಸದ್ದಿಲ್ಲದ ನಗುವನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ನಕ್ಕು ಮುಗಿಸಿ ಮತ್ತೆ ಹನ್ನೆರಡು ಅಂದರು. ನಾನು ಹದಿನೈದಕ್ಕೆ ಇಳಿದೆ. ಅವರು ಹನ್ನೆರಡು. ನಾನು ಹದಿನಾಲ್ಕು. ಅವರು ಕೈ ಕೊಡವಿ ಎದ್ದು ಹೋಗುವವರಂತೆ ಮಾಡಿದರು. (ಓಡಲು ಜಾಗವೆಲ್ಲಿ, ಕಾರಿನ ಬಾಗಿಲು ಹಾಕಿತ್ತು.) ಕೊನೆಗೆ ಬಹಳ ಉಪಕಾರ ಮಾಡುವವರಂತೆ ಒಂದೇ ಒಂದು ಬೆರಳು ಹೆಚ್ಚಿಗೆ ಒತ್ತಿ, ನಾನು ಯೋಚಿಸುವ ಮೊದಲೇ ಅಂಗೈ ಮೇಲೆ ಪಟ್ ಎಂದು ಹೊಡೆದರು.

"ಎಷ್ಟಕ್ಕ ಆತು ಸೌದಾ?" ಕೇಳಿದ ಮಲ್ಲುದಾದಾ.

"ಹದಿಮೂರು," ಅಂದೆ.

"ಮತ್ತ ಶುರು ಆತು ಇವರಿಬ್ಬರದು," ಅಂದರು ಕಾಕು. ಮುಂದಕ್ಕೆ ತಿರುಗಿ ಕೂತವರು ಸಾಂಗಲಿ ಬರುವವರೆಗೆ ಹಿಂದೆ ನೋಡಲಿಲ್ಲ.

ಮನೆಗೆ ಬಂದ ಮೇಲೆ ಆ ಗಂಟಲಿನ ಯಂತ್ರದ ಮಾತು ತೆಗೆದೆ. ಕಾಕಾ ಟವೆಲ್ ಹಾಕಿ ಕೈ ಹಿಡಿದವರು ಕೊಡವಿಬಿಟ್ಟರು. ನಾನು ಬಿಡುವವಳೇ? ಯಂತ್ರವಿಲ್ಲದೆ ಚೇರಮನ್‌ರಿಗೆ "ಥಾಂಬಾ" ಅನ್ನುವವರು ಯಾರು, ಇಡೀ ಸಭೆಯ ಕೈ ಹಿಡಿಯಲು ಟವೆಲ್ ಎಷ್ಟು ದೊಡ್ಡದು ಬೇಕಾದೀತು ಎಂದು ಊಟದ ಹೊತ್ತಿನವರೆಗೂ ವಾದಿಸಿದೆ. ಅವರು ಮತ್ತೆ ಮತ್ತೆ ಕೈ ಕೊಡವಿದರು. ಕೊಡವಿದ ಕೈಯನ್ನು ಪ್ರತಿ ಸಲ ಮತ್ತೆ ಚಾಚಿದರು. ರೊಟ್ಟಿ ಮುರಿಯುವ ಮುಂಚೆ ಅಂಗೈ ಮೇಲೆ ಪಟ್ ಎಂದು ಪೆಟ್ಟು ಬಿತ್ತು. ಮುಂದಿನ ತಪಾಸಣೆಗೆ ಯಂತ್ರ ನೋಡಿ ಬರುವುದು ಎಂದಾಯಿತು. ಅದೊಂದು ನಾನು ಗೆದ್ದೆ.

ಆದರೆ ಕಾರಿನ ಸ್ಟೀರಿಯೊ ಇವತ್ತಿಗೂ ಹದಿಮೂರರಲ್ಲೇ ಇದೆ. ಯಾರ ಕಿವಿಗೂ ಬೀಳದ ವಾದದಲ್ಲಿ ಸೋತರೆ ಅದನ್ನು ಸೋಲು ಅನ್ನಬೇಕೇ, ನೀವೇ ಹೇಳಿ?